ಹಿಮ ತಳ್ಳುವ ಬ್ಲೇಡು ನಮ್ಮ ಗುಡ್ಡದ ದಾರಿಗೆ ಹೊಂದೀತೇ?

ಪೆರ್ಲದ ಅಡಿಕೆ ಕೃಷಿಕ:

ಎಲ್ಲರಿಗೂ ನಮಸ್ಕಾರ. ಎಣ್ಮಕಜೆ ಪಂಚಾಯತಿನಲ್ಲಿರುವ ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಡಾಮರು ರಸ್ತೆಯಿಂದ ಅಂಗಳಕ್ಕೆ ಇಳಿಯುವ ಸುಮಾರು 200 ಮೀಟರ್ ದಾರಿಯಲ್ಲಿ ಮೇಲಿನ ಅರ್ಧಕ್ಕೆ ಕಾಂಕ್ರೀಟು ಆಗಿದೆ, ಕೆಳಗಿನ ಅರ್ಧ ಇನ್ನೂ ಮಣ್ಣಿನದೇ. ಪತ್ತನಾಜೆ (ಮೇ ಕೊನೆಯ ಹೊತ್ತಿನ ತುಳುನಾಡಿನ ಆಚರಣೆ) ಕಳೆದು ಮಳೆ ಹಿಡಿದ ಮೇಲೆ ಬರೆ (ದಾರಿ ಬದಿಯ ಕಡಿದಾದ ಮಣ್ಣಿನ ಗೋಡೆ) ಜರಿದ ಮಣ್ಣೂ, ನೀರು ಎಳೆದು ತಂದ ಮುರಕಲ್ಲಿನ ಹರಳೂ ಸೇರಿ ತಿರುವಿನಲ್ಲಿ ಕೂತುಬಿಡುತ್ತವೆ. ಮೈಲುತುತ್ತು, ಸುಣ್ಣ ಹೊತ್ತು ಬರುವ ಪಿಕಪ್ಪು ತಿರುವಿನ ಮೇಲೆಯೇ ನಿಂತುಬಿಡುವುದರಿಂದ, ಕೊಳೆರೋಗಕ್ಕೆ ಮದ್ದು ಬಿಡುವ ಗಡಿಬಿಡಿಯ ಹೊತ್ತಿನಲ್ಲೇ ಎಲ್ಲವನ್ನೂ ತಲೆಹೊರೆಯಲ್ಲಿ ಇಳಿಸಬೇಕಾಗುತ್ತದೆ. ಹಾರೆ ಹಿಡಿಯುವ ಆಳುಗಳು ಆ ಸಮಯದಲ್ಲಿ ಸಿಗುವುದಿಲ್ಲವೆಂಬುದು ನಿಮಗೆಲ್ಲ ಗೊತ್ತಿರುವ ಸಂಗತಿ.

ಅಮೆರಿಕದ ಮಿನೆಸೋಟದಲ್ಲಿರುವ ಮಗನ ಮನೆಗೆ ಕಳೆದ ಚಳಿಗಾಲದಲ್ಲಿ ಹೋಗಿದ್ದೆ. ಅವನ ಮನೆಗೂ ಊರ ರಸ್ತೆಗೂ ನಡುವೆ ಸುಮಾರು 150 ಮೀಟರ್ ಜಲ್ಲಿಯ ದಾರಿ ಇದೆ. ಅದರ ಮೇಲೆ ಬಿದ್ದ ಹಿಮವನ್ನು ಅವನು ಜೀಪಿಗಿಂತ ಚಿಕ್ಕದಾದ, ಹಿಂದೆ ಸಣ್ಣ ತೊಟ್ಟಿ ಇರುವ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಒಂದು ವಾಹನದ ಮುಂದೆ ಬ್ಲೇಡು ಕಟ್ಟಿಕೊಂಡು ಸರಾಗವಾಗಿ ತಳ್ಳುತ್ತಾನೆ. ಅಲ್ಲಿ ಅದಕ್ಕೆ ಯುಟಿವಿ ಎನ್ನುತ್ತಾರೆ. ನಮ್ಮಲ್ಲಿ 24 ಅಶ್ವಶಕ್ತಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರು ಇದೆ, ಒಂದು ಹಳೆಯ ಜೀಪೂ ಇದೆ. ಇವುಗಳಲ್ಲಿ ಒಂದಕ್ಕೆ ಹಾಗೆಯೇ ಮುಂದಿನಿಂದ ಬ್ಲೇಡು ಮಾಡಿಸಿದರೆ ತಿರುವಿನ ಮಣ್ಣು ತಳ್ಳಬಹುದೇ? ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

ನೀರ್ಚಾಲು ಮೂಲದವ, ಈಗ ಮಿನೆಸೋಟ:

ಮಾವನವರಿಗೆ ನಮಸ್ಕಾರ. ನಿಮ್ಮ ಮಗ ಮಾಡುವ ಕೆಲಸವನ್ನೇ ನಾನೂ ಇಲ್ಲಿ ಚಳಿಗಾಲವಿಡೀ ಮಾಡುತ್ತೇನೆ. ಅದು ಸರಾಗವಾಗಿ ಕಾಣುವುದರ ಹಿಂದೆ ಇರುವ ಸಂಗತಿಗಳನ್ನು ಹೇಳುತ್ತೇನೆ, ಊರಿನ ದಾರಿಗೆ ಅದು ಹೊಂದುವುದೋ ಇಲ್ಲವೋ ಎಂಬುದನ್ನು ಊರಿನಲ್ಲಿರುವವರು ಹೇಳಲಿ.

ಬ್ಲೇಡಿನ ಅಗಲವೇ ಮೊದಲ ಲೆಕ್ಕ. ಹಿಮವನ್ನು ನೇರವಾಗಿ ಮುಂದಕ್ಕೆ ತಳ್ಳಿದರೆ ಸ್ವಲ್ಪ ದೂರದಲ್ಲೇ ರಾಶಿ ಬೆಳೆದು ಗಾಡಿ ನಿಲ್ಲುತ್ತದೆ. ಆದ್ದರಿಂದ ಬ್ಲೇಡನ್ನು ಓರೆಯಾಗಿ ತಿರುಗಿಸಿ, ಹಿಮ ಒಂದು ಬದಿಗೆ ಉರುಳಿಕೊಂಡು ಹೋಗುವಂತೆ ಮಾಡುತ್ತೇವೆ. 72 ಇಂಚಿನ ಬ್ಲೇಡನ್ನು 30 ಡಿಗ್ರಿ ಓರೆ ಮಾಡಿದರೆ ಅದು ಬಳಿಯುವ ಅಗಲ 62 ಇಂಚಿಗೆ ಇಳಿಯುತ್ತದೆ. ಗಾಡಿಯ ಅಗಲವೇ 60 ಇಂಚಿನ ಆಸುಪಾಸು ಇರುವಾಗ ಇದಕ್ಕಿಂತ ಚಿಕ್ಕ ಬ್ಲೇಡು ಕೊಂಡವರ ಚಕ್ರ ತಳ್ಳದೆ ಉಳಿದ ಹಿಮದ ಮೇಲೆಯೇ ಹತ್ತುತ್ತದೆ, ಹತ್ತಿದ ಹಿಮ ಒತ್ತಿಕೊಂಡು ಮಂಜುಗಡ್ಡೆಯಾಗುತ್ತದೆ.

ಬ್ಲೇಡಿನ ತಳ್ಳುಕೋಲು ಗಾಡಿಯ ಮುಂಭಾಗದ ಬಂಪರಿಗೆ ಅಲ್ಲ, ಅಡಿಯ ಚೌಕಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಎತ್ತಿ ಇಳಿಸುವುದು ಮುಂದಿರುವ ವಿಂಚಿನ (ಹಗ್ಗ ಸುತ್ತಿ ಎಳೆಯುವ ಮೋಟಾರಿನ) ಕೆಲಸ. ಅಡಗಿದ ಕಲ್ಲಿಗೋ ಕಾಂಕ್ರೀಟಿನ ಅಂಚಿಗೋ ತಾಗಿದಾಗ ಬ್ಲೇಡು ಮುಂದಕ್ಕೆ ಮಗುಚಿ ಮತ್ತೆ ಎದ್ದು ನಿಲ್ಲುವಂತೆ ಹಿಂದೆ ಸ್ಪ್ರಿಂಗುಗಳಿರುತ್ತವೆ. ಈ ಸ್ಪ್ರಿಂಗು ಇಲ್ಲದೆ ಬಿಗಿಯಾಗಿ ವೆಲ್ಡು ಮಾಡಿಸಿದ ಬ್ಲೇಡು ಹೊಡೆತವನ್ನೆಲ್ಲ ಚೌಕಟ್ಟಿಗೆ ಕೊಡುತ್ತದೆ, ಕೂತವನ ಎದೆ ಸ್ಟೇರಿಂಗಿಗೆ ಬಡಿಯುತ್ತದೆ. ಜಲ್ಲಿಯ ದಾರಿಯಲ್ಲಿ ಬ್ಲೇಡಿನ ಅಡಿಗೆ ಸ್ಕಿಡ್ ಶೂ ಎಂಬ ಎರಡು ಉಕ್ಕಿನ ತಟ್ಟೆಗಳನ್ನು ಹಾಕಿ, ಅಂಚು ನೆಲದಿಂದ ಅರ್ಧ ಇಂಚಾದರೂ ಮೇಲೆ ನಿಲ್ಲುವಂತೆ ನೋಡಿಕೊಳ್ಳುತ್ತೇವೆ, ಇಲ್ಲವಾದರೆ ಹಿಮದ ಜೊತೆಗೆ ಜಲ್ಲಿಯೂ ಹುಲ್ಲಿಗೆ ಹೋಗುತ್ತದೆ. ಮೊದಲ ಒಂದೆರಡು ತೆಳು ಹಿಮವನ್ನು ತಳ್ಳದೆ ಚಕ್ರದಲ್ಲೇ ಒತ್ತಿ ಹೆಪ್ಪುಗಟ್ಟಲು ಬಿಡುವುದು ಅನುಭವಿಗಳ ಕ್ರಮ. ಆಮೇಲೆ ಆ ಗಟ್ಟಿ ಪದರದ ಮೇಲೆ ಬ್ಲೇಡು ಜಾರುತ್ತದೆ.

ಗಾಡಿಯ ವಿಷಯದಲ್ಲಿ ನೋಡಬೇಕಾದದ್ದು ಅಶ್ವಶಕ್ತಿಗಿಂತ ಹೆಚ್ಚಾಗಿ ಗೇರಿನ ಬಗೆ. ಪೊಲಾರಿಸ್ ರೇಂಜರ್, ಕವಾಸಕಿ ಮ್ಯೂಲ್ ಮೊದಲಾದವುಗಳಲ್ಲಿ ಶಕ್ತಿ ಹೋಗುವುದು ಒಂದು ರಬ್ಬರು ಬೆಲ್ಟಿನ ಮೂಲಕ. ಹೈ ರೇಂಜಿನಲ್ಲಿಟ್ಟು ಭಾರ ತಳ್ಳಿದರೆ ಬೆಲ್ಟು ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ, ಆದ್ದರಿಂದ ಸದಾ ಲೋ ರೇಂಜಿನಲ್ಲೇ ತಳ್ಳಬೇಕು. ಹೋಂಡಾ ಪಯನಿಯರ್ 1000ದಲ್ಲಿ ಬೆಲ್ಟಿಲ್ಲ, ಗೇರುಗಳೇ ಇವೆ. ಕುಬೋಟಾ ಆರ್‌ಟಿವಿ-ಎಕ್ಸ್1100ಸಿ ಡೀಸೆಲ್ ಗಾಡಿಯದು ಎಣ್ಣೆಯ ಒತ್ತಡದಿಂದ ಚಕ್ರಕ್ಕೆ ಶಕ್ತಿ ಕೊಡುವ ಹೈಡ್ರೋಸ್ಟಾಟಿಕ್ ವ್ಯವಸ್ಥೆ, ಮುಂದೆ ಹಿಂದೆ ನೂರು ಸಲ ಹೋಗಿಬರುವ ಈ ಕೆಲಸಕ್ಕೆ ಅದು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹಿತ. ಮುಂದೆ ಬ್ಲೇಡಿನ ಭಾರ ಇರುವುದರಿಂದ ಹಿಂದಿನ ತೊಟ್ಟಿಯಲ್ಲಿ ಮರಳಿನ ಚೀಲಗಳನ್ನು ಇಟ್ಟು ಕಟ್ಟುತ್ತೇವೆ. ಮಂಜುಗಡ್ಡೆ ಇದ್ದರೆ ಚಕ್ರಕ್ಕೆ ಸರಪಳಿ ಬೇಕು. ವಿಂಚು, ದೀಪ, ಒರಸುವ ಕಡ್ಡಿ ಎಲ್ಲವೂ ಒಮ್ಮೆಗೇ ನಡೆಯುವಾಗ ಬ್ಯಾಟರಿ ಸೋಲುತ್ತದೆ, ರಾತ್ರಿ ಚಾರ್ಜಿಗೆ ಹಾಕಿಡುವುದು ಒಳ್ಳೆಯದು.

ಇನ್ನೊಂದು ಮಾತು. ಚಳಿಗಾಲದ ಆರಂಭದಲ್ಲೇ ಹಿಮವನ್ನು ದಾರಿಯ ಅಂಚಿನಿಂದ ಸಾಕಷ್ಟು ಆಚೆಗೆ ತಳ್ಳಿ ಜಾಗ ಮಾಡಿಕೊಳ್ಳಬೇಕು. ಬದಿಯ ರಾಶಿ ಹೆಪ್ಪುಗಟ್ಟಿತೆಂದರೆ ಮತ್ತೆ ಅಲುಗುವುದಿಲ್ಲ, ದಾರಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತದೆ. ಸುಲಭವೆಂದು ಸಾರ್ವಜನಿಕ ರಸ್ತೆಗೆ ತಳ್ಳಿಬಿಡುವುದು ಇಲ್ಲಿ ಕಾನೂನಿಗೆ ವಿರುದ್ಧ.

ಮುಳ್ಳೇರಿಯದ ಟ್ರ್ಯಾಕ್ಟರಿನವ:

ಅಮೆರಿಕದ ಭಾವ ಇಷ್ಟು ಬಿಡಿಸಿ ಹೇಳಿದ್ದು ಬಹಳ ಉಪಕಾರವಾಯಿತು. ಪೆರ್ಲದ ಮಾವನವರಲ್ಲಿ ಎರಡು ಪ್ರಶ್ನೆ: ತಿರುವಿನಲ್ಲಿ ಕೂರುವ ಮಣ್ಣಿನ ದಪ್ಪ, ಉದ್ದ ಎಷ್ಟು? ಅದು ಕೆಸರೋ, ಹರಳೋ?

ಪೆರ್ಲದ ಅಡಿಕೆ ಕೃಷಿಕ:

ಟೇಪು ಹಿಡಿದು ನೋಡಿದೆ. ಸುಮಾರು 30 ಮೀಟರ್ ಉದ್ದ, 3 ಮೀಟರ್ ಅಗಲ. ದಪ್ಪ ಒಂದೇ ಸಮ ಇಲ್ಲ, ಸರಾಸರಿ 10 ಸೆಂಟಿಮೀಟರ್ ಎನ್ನಬಹುದು. ಮೇಲಿನ ತುದಿಯಲ್ಲಿ ಹರಳು ಹೆಚ್ಚು, ಕೆಳತುದಿಯಲ್ಲಿ ಚಪ್ಪಲಿ ಕಿತ್ತುಕೊಳ್ಳುವಷ್ಟು ನಯವಾದ ಕೆಂಪು ಕೆಸರು.

ಬದಿಯಡ್ಕದ ನಿವೃತ್ತ ಅಧ್ಯಾಪಕ:

ಹಾಗಾದರೆ ಲೆಕ್ಕ ಹಾಕಿಯೇ ನೋಡೋಣ. ಹೊಸದಾಗಿ ಬಿದ್ದ ಒಣ ಹಿಮದ ತೂಕ ಘನಮೀಟರಿಗೆ ಸಾಮಾನ್ಯವಾಗಿ 50ರಿಂದ 100 ಕಿಲೋ. ನಿಮ್ಮ ಮಗನ 150 ಮೀಟರ್ ದಾರಿಯ ಮೇಲೆ, ಮೂರೂವರೆ ಮೀಟರ್ ಅಗಲಕ್ಕೆ, 20 ಸೆಂಟಿಮೀಟರ್ ಹಿಮ ಬಿದ್ದಿತೆಂದರೆ 105 ಘನಮೀಟರ್ ಆಯಿತು. ಘನಮೀಟರಿಗೆ 80 ಕಿಲೋ ಹಿಡಿದರೆ ಒಟ್ಟು ಎಂಟೂವರೆ ಟನ್ನಿಗೂ ಸ್ವಲ್ಪ ಕಡಿಮೆ. ನಿಮ್ಮ ತಿರುವಿನಲ್ಲಿರುವ ಮಣ್ಣು ಬರೀ 9 ಘನಮೀಟರ್. ಆದರೆ ನೀರು ಕುಡಿದ ಮಣ್ಣು ಘನಮೀಟರಿಗೆ ಸುಮಾರು 1,800 ಕಿಲೋ ತೂಗುವುದರಿಂದ ಅದು 16 ಟನ್ ಆಗುತ್ತದೆ. ಒಂದು ತಿರುವಿನ ಕೆಸರು ಅವನ ಇಡೀ ದಾರಿಯ ಹಿಮದ ಸುಮಾರು ಎರಡು ಪಟ್ಟು ಭಾರ. ಅಷ್ಟೇ ಅಲ್ಲ, ಹಿಮ ಹೆಪ್ಪುಗಟ್ಟಿದ ನೆಲದ ಮೇಲೆ ಬಿಡಿಯಾಗಿ ಕೂತಿರುತ್ತದೆ, ನಮ್ಮ ಜೇಡಿಮಣ್ಣು ಅಡಿಯ ನೆಲಕ್ಕೂ ಬ್ಲೇಡಿಗೂ ಹಲಸಿನ ಮೇಣದ ಹಾಗೆ ಅಂಟುತ್ತದೆ. ಅದನ್ನು ತಳ್ಳಬೇಕಾದ ಚಕ್ರಗಳು ನಿಂತಿರುವುದೂ ಅದೇ ಕೆಸರಿನ ಮೇಲೆ.

ಮಂಜೇಶ್ವರದ ಮಾಜಿ ಗ್ರೆಫ್:

ಅಧ್ಯಾಪಕರ ಲೆಕ್ಕಕ್ಕೆ ಒಂದು ಸೇರ್ಪಡೆ. ಗಡಿ ರಸ್ತೆ ಸಂಸ್ಥೆಯ ಗ್ರೆಫ್ ಪಡೆಯಲ್ಲಿದ್ದಾಗ ಕಾಶ್ಮೀರದ ಕಡೆ ಹಿಮ ತೆಗೆಯುವ ಯಂತ್ರಗಳ ಜೊತೆ ಕೆಲಸ ಮಾಡಿದವನು ನಾನು. ಎಲ್ಲ ಹಿಮದ ತೂಕವೂ ಒಂದೇ ಅಲ್ಲ. 3,500 ಮೀಟರಿಗೂ ಎತ್ತರದ ಜೋಜಿಲಾದಂಥ ಕಣಿವೆಯಲ್ಲಿ ಹಿಮಕುಸಿತವಾಗಿ ಜಾರಿ ಬಂದು ಒತ್ತಿಕೊಂಡ ಹಿಮ ಹೊಸ ಹಿಮದ ಹಲವು ಪಟ್ಟು ಭಾರವಿರುತ್ತದೆ, ಅದರೊಳಗೆ ಬಂಡೆಯೂ ಇರುತ್ತದೆ. ಅಲ್ಲಿ ಚಿಕ್ಕ ಗಾಡಿಗಳ ಆಟ ನಡೆಯುವುದಿಲ್ಲ. ಡೋಜರು ಕಡಿದು ದಾರಿ ಮಾಡುತ್ತದೆ, ಸ್ನೋ ಕಟರು ತಿರುಗುವ ಅಲಗುಗಳಿಂದ ಹಿಮವನ್ನು ಕೊರೆದು ದೂರಕ್ಕೆ ಎಸೆಯುತ್ತದೆ. ಡೋಜರಿನ ಬ್ಲೇಡಿನ ತೋಳುಗಳು ಅದರ ಸರಪಳಿಚಕ್ರದ ಭಾರವಾದ ಚೌಕಟ್ಟಿಗೇ ಕೂಡಿರುತ್ತವೆ. ಮಣ್ಣು ತಳ್ಳುವುದಕ್ಕೆಂದೇ ಹುಟ್ಟಿದ ಯಂತ್ರಕ್ಕೂ, ಸ್ಪ್ರಿಂಗಿನ ಮೇಲೆ ಕೂತ ಜೀಪಿಗೂ ಇರುವ ಅಂತರ ಅದು.

ಯಾವ ಗಾಡಿಯೇ ಆಗಲಿ, ಇಳಿಯುವ ಮುಂಚೆ ಬ್ಲೇಡನ್ನು ನೆಲಕ್ಕೆ ತಾಗಿಸಿ ಇಡಬೇಕು. ಎತ್ತಿಟ್ಟ ಬ್ಲೇಡಿನ ಅಡಿಗೆ ಕೈ ಹಾಕುವ ಅಭ್ಯಾಸ ಮನೆಯಲ್ಲಿ ಯಾರಿಗೂ ಬೇಡ.

ಕುಂಬಳೆಯ ವರ್ಕ್‌ಶಾಪಿನವ:

ಜೀಪಿಗೆ ಬ್ಲೇಡು ಮಾಡಿಕೊಡಿ ಎಂದು ಕೇಳಿಕೊಂಡು ಬರುವವರು ನಮ್ಮಲ್ಲಿಗೂ ಇದ್ದಾರೆ. ಮಾಡುವುದು ಕಷ್ಟವಲ್ಲ. ಹಳೆಯ ಗ್ಯಾಸ್ ಸಿಲಿಂಡರಿನ ತಗಡೋ, ದಪ್ಪ ಪೈಪನ್ನು ಉದ್ದಕ್ಕೆ ಸೀಳಿದ ತುಂಡೋ ಬ್ಲೇಡಾಗುತ್ತದೆ ಎಂದು ಕೆಲವರು ತಂದುಕೊಡುವುದೂ ಉಂಟು (ಸಿಲಿಂಡರನ್ನು ಮಾತ್ರ ನಾನು ಮುಟ್ಟುವುದಿಲ್ಲ). ಕಷ್ಟ ಇರುವುದು ಆಮೇಲೆ. ಮುಂದಿನ ಲೀಫ್ ಸ್ಪ್ರಿಂಗು ಬ್ಲೇಡಿನ ಭಾರಕ್ಕೆ ಕುಸಿಯುತ್ತದೆ, ರೇಡಿಯೇಟರಿಗೆ ಗಾಳಿ ಅಡ್ಡವಾಗುತ್ತದೆ. ಚಳಿದೇಶದಲ್ಲಿ ಬ್ಲೇಡು ಗಾಳಿಗೆ ಅಡ್ಡ ಬಂದರೂ ಹೇಗೋ ನಡೆದೀತು, ನಮ್ಮ ಸೆಕೆಯಲ್ಲಿ ಫಸ್ಟ್ ಗೇರಿನಲ್ಲಿ ಹೆಣಗುವ ಜೀಪು ಕುದಿಯುತ್ತದೆ. ಕ್ಲಚ್ ಪ್ಲೇಟಿನ ಗತಿಯನ್ನು ಹೇಳುವುದೇ ಬೇಡ. ಜೀಪನ್ನು ಈ ವಿಚಾರದಿಂದ ಬಿಟ್ಟುಬಿಡಿ ಎಂದೇ ನನ್ನ ಸಲಹೆ.

ಕಾಸರಗೋಡಿನ ವಕೀಲರ ಕಚೇರಿಯವ:

ಜೀಪಿನ ಬಗ್ಗೆ ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿಯಾದ ವಾಹನವನ್ನು ತಯಾರಕರು ಕೊಟ್ಟ ರೂಪದಿಂದ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಚಾಸಿಗೆ ವೆಲ್ಡು ಮಾಡಿದ ಚೌಕಟ್ಟು ಮುಂದಕ್ಕೆ ಚಾಚಿಕೊಂಡಿದ್ದರೆ, ಫಿಟ್ನೆಸ್ಸಿಗೆ ಹೋದಾಗಲೂ ವಿಮೆಯ ಪರಿಹಾರ ಕೇಳುವಾಗಲೂ ಪ್ರಶ್ನೆ ಏಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಕೊಂಡಿಗೆ ಸಿಕ್ಕಿಸಿ ತೆಗೆಯುವ ಉಪಕರಣಕ್ಕೆ ಈ ಸಮಸ್ಯೆ ಇಲ್ಲ.

ಉಪ್ಪಳದವ:

ಇಷ್ಟೆಲ್ಲ ತಲೆಬಿಸಿ ಏಕೆ? ವರ್ಷಕ್ಕೊಮ್ಮೆ ಜೇಸಿಬಿ ಕರೆಸಿ ಒಂದು ಗಂಟೆ ಕೆಲಸ ಮಾಡಿಸಿದರೆ ಮುಗಿಯಿತಲ್ಲವೇ?

ಪೆರ್ಲದ ಅಡಿಕೆ ಕೃಷಿಕ:

ವರ್ಷಕ್ಕೊಮ್ಮೆಯಾದರೆ ನಾನೂ ಅದನ್ನೇ ಮಾಡುತ್ತಿದ್ದೆ. ಒಂದು ಮಳೆಗೆ ತೆಗೆದರೆ ಮುಂದಿನ ಜೋರು ಮಳೆಗೆ ಮತ್ತೆ ಬಂದು ಕೂರುತ್ತದೆ. ಮೇಲಾಗಿ ನಮ್ಮ ಹಳೆಯ ಕಾಂಕ್ರೀಟಿನ ಮೇಲೆ ಜೇಸಿಬಿ ಇಳಿದರೆ ಅಂಚು ಒಡೆಯುತ್ತದೆ.

ಮುಳ್ಳೇರಿಯದ ಟ್ರ್ಯಾಕ್ಟರಿನವ:

ಹಾಗಿದ್ದರೆ ನನ್ನ ಕ್ರಮವನ್ನು ಹೇಳುತ್ತೇನೆ. ನಮ್ಮದೂ ಮಾವನವರ ಹಾಗೆ 24 ಅಶ್ವಶಕ್ತಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರು. ಮುಂದಿನ ಬ್ಲೇಡು ಬೇಡ, ಹಿಂದಿನ ಮೂರು ಕೊಂಡಿಗೆ ಸಿಕ್ಕಿಸುವ ಲೆವೆಲರ್ ಬ್ಲೇಡು ಸಾಕು. ಎತ್ತಿ ಇಳಿಸಲು ಟ್ರ್ಯಾಕ್ಟರಿನ ಹೈಡ್ರಾಲಿಕ್ಕೇ ಇದೆ, ವಿಂಚಿನ ಅಗತ್ಯವಿಲ್ಲ. ಪಿನ್ನು ತೆಗೆದು ಬ್ಲೇಡನ್ನು ಎಡಕ್ಕೋ ಬಲಕ್ಕೋ ಓರೆ ಮಾಡಬಹುದು. ಪೂರ್ತಿ ಹಿಂದುಮುಂದಾಗಿ ತಿರುಗಿಸಿ, ಹಿಮ್ಮುಖವಾಗಿ ತಳ್ಳಲೂಬಹುದು.

ಇದರಲ್ಲಿ ಮುಖ್ಯವಾದದ್ದು ಮೇಲಿನ ಕೊಂಡಿಯ ಉದ್ದ. ಅದನ್ನು ಗಿಡ್ಡ ಅಥವಾ ಉದ್ದ ಮಾಡಿದಾಗ ಬ್ಲೇಡಿನ ಬಾಗು ಬದಲಾಗುತ್ತದೆ, ಒಂದು ಬಾಗಿನಲ್ಲಿ ಅಂಚು ನೆಲವನ್ನು ಕಚ್ಚುತ್ತದೆ, ಇನ್ನೊಂದರಲ್ಲಿ ಮಣ್ಣಿನ ಮೇಲೆ ತೇಲಿ ಸವರುತ್ತದೆ. ಕೂತ ಮಣ್ಣನ್ನು ಒಂದೇ ಸಲಕ್ಕೆ ತೆಗೆಯಲು ಹೋಗಬೇಡಿ. ಎರಡು ಬೆರಳು ದಪ್ಪದಷ್ಟೇ ಇಳಿಸಿ ಎಳೆದರೆ ಟ್ರ್ಯಾಕ್ಟರು ಉಸಿರು ಕಟ್ಟುವುದಿಲ್ಲ, ಚಕ್ರ ತಿರುಗಿ ಗುಂಡಿ ಬೀಳುವುದೂ ಇಲ್ಲ. ಎಳೆಯುವಾಗ ಮಣ್ಣಿನ ಭಾರ ಹಿಂದಿನ ದೊಡ್ಡ ಚಕ್ರದ ಮೇಲೆ ಬೀಳುವುದರಿಂದ ಹಿಡಿತ ಹೆಚ್ಚುತ್ತದೆ. ಮುಂದಿನಿಂದ ತಳ್ಳುವುದಕ್ಕಿಂತ ನಮ್ಮ ಮಣ್ಣಿಗೆ ಇದು ಮೇಲು ಎಂದು ನಾನು ಹೇಳುವುದು ಅದಕ್ಕಾಗಿಯೇ. ಕಡಿದಾದ ಏರಿನಲ್ಲಿ ಮಾತ್ರ ಎಚ್ಚರ ಬೇಕು, ಹಿಂದೆ ಭಾರ ಎತ್ತಿಕೊಂಡು ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗು ಮಾತು ಕೇಳುವುದಿಲ್ಲ. ಅಂಥಲ್ಲಿ ಮುಂದಿನ ತೂಕದ ಕಲ್ಲುಗಳನ್ನು ಕಳಚಬೇಡಿ.

ಸಮಯವೂ ಮುಖ್ಯ. ಮಳೆ ಸುರಿಯುತ್ತಿರುವಾಗ ಕೆಸರಿನಲ್ಲಿ ಇಳಿದರೆ ದಾರಿಯ ಅಡಿಪಾಯವೇ ಕಲಸಿಹೋಗುತ್ತದೆ. ಎರಡು ದಿನ ಹೊಳವು (ಮಳೆಯ ಬಿಡುವು) ಸಿಕ್ಕಿ, ಮಣ್ಣು ಕೈಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಒಡೆಯುವಷ್ಟು ಆರಿದಾಗ ಇಳಿಸಿ. ಪೂರ್ತಿ ಒಣಗಲು ಬಿಟ್ಟರೆ ಮುರಮಣ್ಣು ಕಲ್ಲಿನಂತಾಗಿ ಬ್ಲೇಡು ಮೇಲೆಯೇ ಜಾರುತ್ತದೆ, ಆಗ ಪಿಕ್ಕಾಸೇ ಗತಿ.

ಬೆಳ್ಳೂರಿನ ಕೃಷಿಕ ಮಹಿಳೆ:

ಎಲ್ಲರೂ ಮಣ್ಣು ತೆಗೆಯುವ ಮಾತು ಆಡುತ್ತಿದ್ದೀರಿ, ಅದು ಬರುವುದು ಏಕೆ ಎಂದು ಯಾರೂ ಕೇಳಲಿಲ್ಲ. ಹಿಮ ಆಕಾಶದಿಂದ ಬೀಳುತ್ತದೆ, ಅದನ್ನು ತಡೆಯಲಾಗದು, ಆದ್ದರಿಂದ ಅಲ್ಲಿಯವರು ಬ್ಲೇಡು ಕೊಂಡರು. ನಮ್ಮ ಮಣ್ಣು ಮೇಲಿನ ಬರೆಯಿಂದ, ನೀರಿನ ದಾರಿ ಹಿಡಿದು ಬರುತ್ತದೆ. ನೀರನ್ನು ತಿರುಗಿಸಿದರೆ ಮಣ್ಣಿನ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ಪೆರ್ಲದ ಅಣ್ಣ, ನಿಮ್ಮ ಮೇಲಿನ ಕಾಂಕ್ರೀಟು ದಾರಿಯೇ ಮಳೆಗಾಲದಲ್ಲಿ ತೋಡಾಗುತ್ತಿರಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬರುವ ಜಿಲ್ಲೆಯಲ್ಲಿ, ಅದರ ದೊಡ್ಡ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವಾಗ, ನೂರು ಮೀಟರ್ ಉದ್ದದ ಕಾಂಕ್ರೀಟಿನ ನೀರೆಲ್ಲ ಒಂದೇ ತಿರುವಿಗೆ ಬಂದು ಬಿದ್ದರೆ ಯಾವ ಮಣ್ಣೂ ನಿಲ್ಲುವುದಿಲ್ಲ. ಕಾಂಕ್ರೀಟು ಮುಗಿಯುವಲ್ಲೇ ದಾರಿಗೆ ಓರೆಯಾಗಿ ಒಂದು ಅಡ್ಡಗಣಿ ಮಾಡಿಸಿ, ಅದರ ಮೇಲೆ ಕಬ್ಬಿಣದ ಜಾಲರಿ ಹಾಕಿ, ನೀರನ್ನು ಬದಿಯ ಚರಂಡಿಗೆ ಬಿಡಿ. ಮಣ್ಣಿನ ದಾರಿಯಲ್ಲಿ, ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವಷ್ಟು ಇಳಿಜಾರಿದ್ದರೆ, ಸುಮಾರು 25 ಮೀಟರಿಗೆ ಒಂದರಂತೆ ತಗ್ಗಾದ ಓರೆ ದಿಬ್ಬಗಳನ್ನು ಕೊಡಬೇಕು, ನಮ್ಮ ಮಳೆಗೆ ಇನ್ನೂ ಹತ್ತಿರವಿದ್ದರೂ ತಪ್ಪಿಲ್ಲ. ನೀರು ಹೊರಬೀಳುವಲ್ಲಿ ಒಡೆದ ಕೆಂಪುಕಲ್ಲು ಹಾಸದಿದ್ದರೆ ಅಲ್ಲೇ ಹೊಸ ಕೊರಕಲು ಶುರುವಾಗುತ್ತದೆ. ಬೋಳಾದ ಬರೆಗೆ ಲಾವಂಚ ನೆಡಿ, ಅದರ ಬೇರು ನೇರ ಕೆಳಕ್ಕೆ ಆಳವಾಗಿ ಇಳಿದು ಮಣ್ಣನ್ನು ಹಿಡಿಯುತ್ತದೆ. ಬರೆಯ ಬುಡವನ್ನು ಮಾತ್ರ ಬ್ಲೇಡಿನಿಂದ ಕೆರೆಯಬೇಡಿ, ಬುಡ ಕೆರೆದ ಬರೆ ಮುಂದಿನ ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ತಾನೇ ಇಳಿದು ಬರುತ್ತದೆ.

ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತೀರಿ ಎಂಬುದೂ ವಿಚಾರ ಮಾಡಬೇಕಾದದ್ದೇ. ದಾರಿಯ ಹೊರ ಅಂಚಿಗೆ ದೂಡಿದರೆ ಅದು ಸಡಿಲ ಮಣ್ಣಾಗಿ ಕೂತು, ಮುಂದಿನ ಮಳೆಗೆ ನೇರ ತೋಟದ ಉಜಿರುಕಣಿಗೆ (ನೀರು ಬಸಿದುಹೋಗುವ ಕಾಲುವೆಗೆ) ಇಳಿಯುತ್ತದೆ. ಕಣಿ ತುಂಬಿದರೆ ಅಡಿಕೆ ಮರದ ಬುಡದಲ್ಲಿ ನೀರು ನಿಲ್ಲುತ್ತದೆ.

ನೀರ್ಚಾಲು ಮೂಲದವ, ಈಗ ಮಿನೆಸೋಟ:

ಅಕ್ಕ ಹೇಳಿದ್ದು ಸರಿ. ಇಲ್ಲೂ ಹಿಮ ತಳ್ಳುವ ಮುಂಚೆಯೇ, ನೆಲ ಗಟ್ಟಿಯಾಗುವುದಕ್ಕೆ ಮೊದಲು, ದಾರಿಯ ಎರಡು ಬದಿಗೂ ಬಣ್ಣದ ಕೋಲು ನೆಟ್ಟು, ಹಿಮ ಕರಗಿದಾಗ ನೀರು ಎಲ್ಲಿಗೆ ಹೋಗಬೇಕೆಂದು ನೋಡಿಕೊಂಡು ರಾಶಿಯ ಜಾಗ ನಿರ್ಧರಿಸುತ್ತೇವೆ. ಮನೆಯ ಗೋಡೆಗೆ ಒರಗಿಸಿ ರಾಶಿ ಹಾಕಿದವರ ನೆಲಮಾಳಿಗೆಗೆ ವಸಂತದಲ್ಲಿ ನೀರು ನುಗ್ಗುತ್ತದೆ.

ಪೆರ್ಲದ ಅಡಿಕೆ ಕೃಷಿಕ:

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಜೀಪಿಗೆ ಬ್ಲೇಡು ಕಟ್ಟುವ ಯೋಚನೆ ಬಿಟ್ಟಾಯಿತು. ಮಳೆಗಾಲಕ್ಕೆ ಮುಂಚೆ ಕಾಂಕ್ರೀಟಿನ ಕೊನೆಗೆ ಜಾಲರಿಯ ಅಡ್ಡಗಣಿಯನ್ನೂ, ಕೆಳಗೆ ಓರೆ ದಿಬ್ಬಗಳನ್ನೂ ಮಾಡಿಸುತ್ತೇನೆ. ಬರೆಗೆ ಲಾವಂಚದ ಬುಡಗಳನ್ನು ತರುವುದಕ್ಕೆ ಹೇಳಿದ್ದೇನೆ. ಅಷ್ಟಾದ ಮೇಲೂ ಬಂದು ಕೂರುವ ಮಣ್ಣಿಗೆ ಟ್ರ್ಯಾಕ್ಟರಿನ ಹಿಂದೆ ಲೆವೆಲರ್ ಬ್ಲೇಡು. ಮಣ್ಣು ಹಾಕಲು ಅಂಗಳದ ಮೇಲ್ಬದಿಯಲ್ಲಿ, ನೀರು ಹರಿಯದ ಒಂದು ಸಮತಟ್ಟು ಜಾಗ ಇದೆ. ಮಗನಿಗೆ ಅವನ ಬ್ಲೇಡಿನ ಅಗಲ ಎಷ್ಟೆಂದು ಕೇಳಿದೆ, 66 ಇಂಚಂತೆ. ಓರೆ ಮಾಡಿದಾಗ ಚಕ್ರ ಹಿಮ ಹತ್ತುತ್ತದೆ ಎಂದು ಅವನು ಗೊಣಗುತ್ತಿದ್ದದ್ದು ಏಕೆಂದು ಈಗ ತಿಳಿಯಿತು.

ಬ್ಲೇಡು ಐದು ಅಡಿಯದು ಸಾಕೇ? ಕೊಳ್ಳುವಾಗ ಬೇರೇನು ನೋಡಬೇಕು?

ಮುಳ್ಳೇರಿಯದ ಟ್ರ್ಯಾಕ್ಟರಿನವ:

ಐದು ಅಡಿ ಸಾಕು. ಆರು ಅಡಿಯದು ನಿಮ್ಮ ತಿರುವಿನಲ್ಲಿ ಬರೆಗೆ ತಾಗುತ್ತದೆ, 24 ಅಶ್ವಶಕ್ತಿಗೆ ಹೆಚ್ಚೂ ಆಗುತ್ತದೆ. ಅಡಿಯ ಅಂಚಿನ ಪಟ್ಟಿ ಬೋಲ್ಟಿನಲ್ಲಿ ಕೂರಿಸಿದ್ದೇ ಆಗಿರಲಿ. ಒಂದು ಬದಿ ಸವೆದಾಗ ಮಗುಚಿ ಹಾಕಬಹುದು, ಮುರಕಲ್ಲಿಗೆ ಅದು ಬೇಗ ಸವೆಯುತ್ತದೆ. ಅಂಗಡಿಗೆ ಹೋಗುವ ಮುಂಚೆ ಟ್ರ್ಯಾಕ್ಟರಿನ ಕೆಳಗಿನ ಎರಡು ಕೊಂಡಿಗಳ ನಡುವಿನ ಅಂತರವನ್ನು ಅಳೆದು ಬರೆದುಕೊಳ್ಳಿ. ಕೆಟಗರಿ ಒಂದರ (ಕೊಂಡಿಯ ಅಳತೆಯ ಒಂದು ದರ್ಜೆ) ಉಪಕರಣಕ್ಕೆ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19 ಮಿಲಿಮೀಟರ್ ಇರುತ್ತದೆ. ಮಿನಿ ಟ್ರ್ಯಾಕ್ಟರುಗಳಲ್ಲಿ ಕೆಲವಕ್ಕೆ ಪಿನ್ನು ಇದೇ ಅಳತೆಯದಾದರೂ ಕೊಂಡಿಗಳ ಅಂತರ ಕಿರಿದಾಗಿರುವುದರಿಂದ, ದೊಡ್ಡ ಟ್ರ್ಯಾಕ್ಟರಿಗೆಂದು ಮಾಡಿದ ಬ್ಲೇಡು ಮನೆಗೆ ತಂದ ಮೇಲೆ ಸಿಕ್ಕುವುದಿಲ್ಲ. ಮುಳ್ಳೇರಿಯ ಕಡೆ ಬರುವುದಿದ್ದರೆ ನಮ್ಮ ಬ್ಲೇಡನ್ನು ನಿಮ್ಮ ಟ್ರ್ಯಾಕ್ಟರಿಗೆ ಒಮ್ಮೆ ಸಿಕ್ಕಿಸಿ ನೋಡಿಯೇ ಕೊಳ್ಳಬಹುದು, ಮಾವ.